ಸುದ್ದಿಗೆ ಮುಂಚೆ ಬಂದ ಎತ್ತು

ಜೂನ್ ಕೊನೆಯ ಹುಲ್ಲು ಕೊಯ್ಲು. ಪಡುವಣ ಗುಡ್ಡದ ಮೇಲೆ ಬೆಳಗಿನಿಂದ ಮೋಡ ಕಟ್ಟುತ್ತಿತ್ತು, ಚದುರುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಕೊಯ್ದು ಹರಡಿದ ಹುಲ್ಲು ಇನ್ನೂ ಬಯಲಲ್ಲೇ ಬಿದ್ದಿತ್ತು. ಒಂದು ಮಳೆ ಸುರಿದರೆ ಚಳಿಗಾಲವಿಡೀ ದನಗಳು ಕಪ್ಪು ಹುಲ್ಲು ತಿನ್ನಬೇಕು. ದೊಡ್ಡಮನೆಯ ಅಂಗಳದಲ್ಲಿ ಗಾಡಿ ಹೂಡುವವರು, ಕವೆಗೋಲು ಹೊತ್ತವರು, ಬೀರಿನ ಪೀಪಾಯಿ ಉರುಳಿಸುವವರು, ಯಾರೂ ನಿಂತ ಕಡೆ ನಿಲ್ಲುತ್ತಿರಲಿಲ್ಲ.

ಇದರ ನಡುವೆ ಎತ್ತೊಂದು ಕೂಗುತ್ತಿತ್ತು.

ಹಂಫ್ರಿ ಕಾರ್ವಿಲ್‌ನ ಕಿವಿಯಲ್ಲಿ ಆ ಕೂಗು ನಿನ್ನೆಯಿಂದ ಕೂತುಬಿಟ್ಟಿತ್ತು. ಊರಿನ ದಣಿ ಅವನೇ, ಸುತ್ತಲಿನ ಹಳ್ಳಿಗಳಿಗೆ ನ್ಯಾಯ ಹೇಳುವವನೂ ಅವನೇ. ನಿನ್ನೆ ಮಧ್ಯಾಹ್ನ ಮುದುಕ ಜೋಬ್ ಟಾರೆಂಟನ ಹೆಣ ಹೊಳೆ ಬದಿಯ ಗಿರಣಿಯ ತೂಬಿಗೆ ಸಿಕ್ಕಿಕೊಂಡು ಕಂಡಾಗಿನಿಂದ ಅವನಿಗೆ ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುತ್ತಿತ್ತು. ಸಾವಿನ ತನಿಖೆ ಮಾಡುವ ಅಧಿಕಾರಿ ಬ್ಲ್ಯಾಂಡ್‌ಫೋರ್ಡ್ ಪೇಟೆಯಿಂದ ಇವತ್ತು ಬರುವವನಿದ್ದ. ಕಾಲು ಜಾರಿ ಬಿದ್ದ ಎಂದು ಅವನು ಒಂದು ಮಾತು ಹೇಳಿದರೆ ಮುಗಿಯಿತು. ಜೋಬ್ ಮಣ್ಣಿಗೆ, ಲಾಂಗ್‌ಮೀಡ್ ಹೊಲ ಹಂಫ್ರಿಯ ಕೈಗೆ.

ಆ ಹೊಲ ಮೂರು ಜೀವದ ಗೇಣಿಯದು. ಗೇಣಿಗೆ ಹೆಸರು ಕೊಟ್ಟ ಮೂವರಲ್ಲಿ ಒಬ್ಬ ಉಸಿರಾಡುವ ತನಕ ಟಾರೆಂಟರ ಮನೆಯವರನ್ನು ಯಾರೂ ಎಬ್ಬಿಸುವಂತಿಲ್ಲ. ಇಬ್ಬರು ಯಾವತ್ತೋ ಹೋಗಿದ್ದರು. ಉಳಿದಿದ್ದ ಮೂರನೆಯ ಜೀವ ಜೋಬ್. ಅವನು ಸೀನಿದರೆ ಲಾಂಗ್‌ಮೀಡಿಗೆ ನೆಗಡಿಯಾಗಿದೆ ಎಂದು ಊರು ನಗುತ್ತಿತ್ತು.

"ಅಪ್ಪಾ, ಆ ಎತ್ತಿಗೆ ಯಾರಾದ್ರೂ ಇನ್ನೊಂದು ಹಾಡು ಕಲಿಸಿ. ಒಂದೇ ರಾಗ ಕೇಳಿ ಕೇಳಿ ಸಾಕಾಯ್ತು!" ಗಾಡಿಯ ಮೇಲೆ ನಿಂತು ಎಡ್ಮಂಡ್ ಕೂಗಿದ. ಹಂಫ್ರಿಯ ಒಬ್ಬನೇ ಮಗ. ಅಪ್ಪನ ಎತ್ತರ, ಅಪ್ಪನ ಹೆಗಲು, ಅಜ್ಜಿಯ ಬಾಯಿ. ಸುಗ್ಗಿಗೆ ಮುಂಚೆ ಅವನ ಮದುವೆ. ಹೆಣ್ಣಿನ ಅಪ್ಪ ಲಾಂಗ್‌ಮೀಡಿನ ಹೊಳೆ ಬದಿಯ ಹುಲ್ಲುಗಾವಲು ಗಂಡಿನ ಹೆಸರಿಗೆ ಬಂದರೆ ಮಾತ್ರ ಮಾತು ಎಂದು ಕೂತಿದ್ದ.

ಅಂಗಳದ ಬೇಲಿಯ ಮೇಲೆ ಹರಡಿದ್ದ ಬೂದು ನಿಲುವಂಗಿಯನ್ನು ಹಂಫ್ರಿಯ ಹೆಂಡತಿ ಡೊರೊತಿ ಬೆತ್ತದಿಂದ ಬಡಿಯುತ್ತಿದ್ದಳು.

"ಈ ಸೆಕೇಲಿ ನನ್ನ ಚಳಿಯಂಗಿ ಯಾಕೆ ತೆಗೆದೆ?"

"ನುಸಿ ಹಿಡೀತಿತ್ತು," ಎಂದಳು ಅವಳು, ತಿರುಗಿ ನೋಡದೆ. ಬೆತ್ತ ಮಾತ್ರ ಇನ್ನಷ್ಟು ಜೋರಾಗಿ ಬಿತ್ತು.

ಹಂಫ್ರಿ ಕೊಟ್ಟಿಗೆಯ ಕಡೆ ನಡೆದ. ಕೂಗುತ್ತಿದ್ದುದು ಕೆಂಪು ಎತ್ತು, ಹಣೆಯಲ್ಲಿ ಬಿಳಿ ಮಚ್ಚೆ. ಎತ್ತುಗಳನ್ನು ನೋಡಿಕೊಳ್ಳುವ ಸ್ಯಾಮ್ಸನ್ ಪಿಟ್ ಅದರ ಮುಂದೆ ನೊಗ ಹಿಡಿದು ಸೋತು ನಿಂತಿದ್ದ.

"ಯಾರ ಎತ್ತೋ ಇದು?"

"ಲಾರ್ಕ್ ಅಂತ ದಣಿ, ಲಾಂಗ್‌ಮೀಡಿಂದು. ಜೊತೆಗಾರ ಲಿನೆಟ್ ಅಲ್ಲೇ ಉಳಿದಿದೆ. ಇದನ್ನ ಬೇರೆ ಯಾವುದ್ರ ಜೊತೆ ಹೂಡಿದ್ರೂ ಮದುವೆ ಮನೇಲಿ ಮುನಿಸ್ಕೊಂಡ ಬೀಗರ ಥರ ನಿಂತ್ಕೊಳ್ಳುತ್ತೆ."

"ಇಲ್ಲಿಗೆ ಹೇಗೆ ಬಂತು?"

"ಸಾವುಗಾಣಿಕೆ ಅಲ್ವಾ ದಣಿ? ಗೇಣಿ ಜೀವ ಹೋದ್ರೆ ಅವ್ರ ಕೊಟ್ಟಿಗೇಲಿರೋ ಒಳ್ಳೇ ದನ ದೊಡ್ಡಮನೆಗೆ. ಮಡ್ಜ್ ಹಿಡ್ಕೊಂಡು ಬಂದ್ರು."

ಮಡ್ಜ್ ದೊಡ್ಡಮನೆಯ ಪಾರುಪತ್ಯಗಾರ. ಅವನು ಹಿಡಿದು ತಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜನ ಕಾಲದಿಂದ ನಡೆದುಬಂದದ್ದೇ. ಎತ್ತಿನ ಕೊಂಬಿನ ಬುಡದಲ್ಲಿ ಕಾರ್ವಿಲ್ ಮನೆಯ ಗುರುತಿನ ಮುದ್ರೆ ಕಾಯಿಸಿ ಒತ್ತಿದ್ದರು. ಸುಟ್ಟ ವಾಸನೆ ಇನ್ನೂ ಆರಿರಲಿಲ್ಲ. ಹಂಫ್ರಿ ಅದರ ಬೆನ್ನು ತಟ್ಟಿದ, ಕಾಲು ಸವರಿದ. ಕೈ ನೋಡಿಕೊಂಡ.

ಬೆರಳಿಗೆ ಹಳದಿ ಪುಡಿ ಅಂಟಿತ್ತು.

ಬಗ್ಗಿ ನೋಡಿದ. ಮೊಣಕಾಲಿನ ತನಕ ಕೂದಲಿನ ಸಂದಿಯಲ್ಲಿ ಹಳದಿ ಹೂವಿನ ಪುಡಿ ಇಬ್ಬನಿಗೆ ಕಲಸಿ ಒಣಗಿತ್ತು. ಲಾಂಗ್‌ಮೀಡಿನಿಂದ ದೊಡ್ಡಮನೆಗೆ ಬರುವ ಕಾಲುದಾರಿ ಆ ಹೂವಿನ ನಡುವೆಯೇ ಹಾದು ಬರುತ್ತದೆ. ಆದರೆ ನಿನ್ನೆ ಬಿಸಿಲೇರುವ ಹೊತ್ತಿಗೆ ಕುಡುಗೋಲಿನವರು ದಾರಿಯ ಎರಡೂ ಬದಿ ಬೋಳು ಮಾಡಿಬಿಟ್ಟಿದ್ದರು. ಹೂವೂ ಇಲ್ಲ, ಇಬ್ಬನಿಯೂ ಇಲ್ಲ.

"ಸ್ಯಾಮ್ಸನ್, ಮಡ್ಜ್ ಇದನ್ನ ತಂದಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ ದಣಿ. ನಾನಿನ್ನೂ ಬ್ರೆಡ್ಡು ಬಾಯಿಗಿಟ್ಟಿರಲಿಲ್ಲ. ಯಾಕಂತ ನಾನೂ ಕೇಳ್ಲಿಲ್ಲ. ಆಮೇಲೆ ಸುದ್ದಿ ಬಂದಾಗ, ಓ ಇದಕ್ಕಾ ಅಂದ್ಕೊಂಡೆ."

"ಸುದ್ದಿ ಬಂದಿದ್ದು?"

"ಮಧ್ಯಾಹ್ನ, ಬುತ್ತಿ ಬಿಚ್ಚೋ..." ಸ್ಯಾಮ್ಸನ್ ಅಲ್ಲಿಗೇ ನಿಲ್ಲಿಸಿದ. ನೊಗ ಕೆಳಗಿಟ್ಟ. ದಣಿಯ ಮುಖ ನೋಡಿದ. "ನಾನು ಏನೂ ಹೇಳ್ಲಿಲ್ಲ ದಣಿ."

"ನಾನೂ ಏನೂ ಕೇಳಲಿಲ್ಲ," ಎಂದ ಹಂಫ್ರಿ.

*

ಲಾಂಗ್‌ಮೀಡಿನಲ್ಲಿ ಹೆಸ್ಟರ್ ಟಾರೆಂಟ್ ಲಂಗದ ಅಂಚು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲ್ಲು ಮಗುಚುತ್ತಿದ್ದಳು. ಜೋಬನ ಅಣ್ಣನ ಮಗನ ವಿಧವೆ ಅವಳು. ಬೇಲಿಯ ಆಚೆ ಅವಳ ಮೂರು ಮಕ್ಕಳು ಹುಲ್ಲಿನ ಗುಪ್ಪೆಯ ಮೇಲೆ ಬಿದ್ದು ಏಳುತ್ತಿದ್ದರು. ಕೊಟ್ಟಿಗೆಯಿಂದ ಲಿನೆಟ್‌ನ ಕೂಗು ಕೇಳುತ್ತಿತ್ತು. ದೊಡ್ಡಮನೆಯ ಕಡೆಯಿಂದ ಉತ್ತರವೂ.

"ಬನ್ನಿ ದಣಿ, ಬನ್ನಿ. ಅಳತೆಗೆ ಬಂದ್ರಾ? ಇಷ್ಟು ಹುಲ್ಲು ಎಳೆದು ಹಾಕಿ ಬಿಡ್ತೀನಿ, ಆಮೇಲೆ ಅಳೆದ್ಕೊಳ್ಳಿ. ಯಾರ ದನ ತಿಂದ್ರೇನು, ಹುಲ್ಲು ಹುಲ್ಲೇ."

"ಅದಕ್ಕೆ ಬಂದಿಲ್ಲ ಹೆಸ್ಟರ್."

"ಮತ್ತೆ? ಸಮಾಧಾನ ಹೇಳೋಕಾ? ಹೇಳಿ. ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ."

"ಮಡ್ಜ್ ಬಂದು ಎತ್ತು ಬಿಚ್ಚಿದಾಗ ಏನು ಹೇಳಿದ?"

ಅವಳು ಕೋಲು ಊರಿ ನಿಂತಳು. "ನಾನು ಹಸು ಕರೀತಿದ್ದೆ. ದೊಡ್ಡಮನೆ ಗಾಡಿಗೆ ಬೇಕು ಅಂದ್ರು. ಕೆಚ್ಚಲು ಬಿಟ್ಟು ಏಳೋಕಾಗುತ್ತಾ? ಹೂಂ ಅಂದೆ. ಅವ್ರು ಹೋದ್ಮೇಲೆ ಯೋಚನೆ ಬಂತು, ಗಾಡಿಗೆ ಅಂದ್ರೆ ಜೋಡಿ ಬೇಕಲ್ವಾ? ಒಂದೇ ಎತ್ತು ಕಟ್ಕೊಂಡು ಯಾವ ಗಾಡಿ ಹೂಡ್ತಾರೆ ಅಂತ." ಅವಳ ಧ್ವನಿ ತಗ್ಗಿತು. "ಗಾಡಿಗೆ ಎರಡು ಬೇಕು. ಸಾವಿಗೆ ಒಂದೇ ಸಾಕು. ಮಧ್ಯಾಹ್ನ ಗೊತ್ತಾಯ್ತು ನನಗೆ."

ಹಂಫ್ರಿ ಹೊಳೆಯ ಕಡೆ ನೋಡಿದ. ಆಲ್ಡರ್ ಮರಗಳ ನಡುವೆ ಹಲಗೆಯ ಸೇತುವೆ ಕಾಣುತ್ತಿತ್ತು.

"ಜೋಬ್ ಅಷ್ಟು ಬೇಗ ಹೊಳೆಗೆ ಯಾಕೆ ಹೋದ?"

"ನಮ್ಮಜ್ಜ ಹೊಳೆಗೆ ಹೋಗ್ತಾನಾ? ಇಬ್ಬನಿ ಆರದೆ ಅವನನ್ನ ನಾನು ಹೊಸಿಲು ದಾಟಿಸ್ತಿರಲಿಲ್ಲ. ಏಣಿ ಹತ್ತಬೇಡ, ಹೋರಿ ಹತ್ರ ಹೋಗಬೇಡ, ಚಳಿ ಬಂದ್ರೆ ಒಲೆ ಬಿಟ್ಟು ಏಳಬೇಡ. 'ನನ್ನನ್ನ ಮೊಟ್ಟೆ ಥರ ಇಟ್ಟಿದೀಯಲ್ಲೇ' ಅಂತಿದ್ದ. ಮೊಟ್ಟೆನೇ ಅಲ್ವಾ? ಅದರೊಳಗೆ ನಾವೆಲ್ಲಾ ಇದ್ವಿ." ಅವಳು ಮೂಗು ಒರೆಸಿಕೊಂಡಳು. "ನಿನ್ನೆ ಇಗರ್ಜಿಗೆ ಹೋಗೋವಾಗ ಹಾಕೋ ಜೋಡು ಹಾಕ್ಕೊಂಡು ನಿಂತಿದ್ದ, ಬಕಲ್ ಹೊಳೆಯೋ ಹಾಗೆ ಉಜ್ಜಿ. ಎಲ್ಲಿಗಜ್ಜ ಅಂದೆ. ದೊಡ್ಡಮನೆಯಿಂದ ಕರೆ ಬಂದಿದೆ, ಸೇತುವೆ ಹತ್ರ ಸಿಗ್ತಾರಂತೆ ಅಂದ."

"ಯಾರು?"

"ನಾನು ಕೇಳಲಿಲ್ಲ." ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು. "ದೊಡ್ಡಮನೆ ಅಂದ್ರೆ ನೀವೇ ಅಲ್ವಾ ದಣಿ?"

*

ಪಾರುಪತ್ಯಗಾರ ಮಡ್ಜ್ ಬಣವೆಯ ಬುಡದಲ್ಲಿ ನಿಂತು ಕೂಲಿಯಾಳುಗಳಿಗೆ ಬೈಯುತ್ತಿದ್ದ. ಹಂಫ್ರಿ ಅವನನ್ನು ಪಕ್ಕಕ್ಕೆ ಕರೆದ.

"ಹೆಣ ಸಿಗೋಕೆ ಮುಂಚೆ ಸಾವುಗಾಣಿಕೆ ಹಿಡಿದು ತಂದಿದೀಯಲ್ಲ ಮಡ್ಜ್."

ಮಡ್ಜ್ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. "ಜೀವ ಹೋಯ್ತು ಅಂದ ತಕ್ಷಣ ಓಡಬೇಕು ಅಂತ ನಿಮ್ಮ ತಂದೆಯವರೇ ಕಲಿಸಿದ್ದು ದಣಿ. ಅತ್ತು ಮುಗಿಸೋ ತನಕ ಕಾದ್ರೆ ಎತ್ತು ಪಕ್ಕದ ಮನೆ ಕೊಟ್ಟಿಗೆ ಸೇರಿರುತ್ತೆ, ನಮಗೆ ಕುಂಟು ಕತ್ತೆ ತೋರಿಸ್ತಾರೆ. ಎಷ್ಟು ಸಲ ಆಗಿದೆ!"

"ಜೀವ ಹೋಯ್ತು ಅಂತ ಯಾರು ಹೇಳಿದ್ರು?"

"ದೊಡ್ಡಮ್ಮಾವ್ರು. ಕಿಟಕಿಯಿಂದ ಕರೆದು, ಜೋಬ್ ಹೋದ, ಎತ್ತು ತಗೊಂಡ್ ಬಾ, ಬಾಯಿ ಬಿಡಬೇಡ ಅಂದ್ರು. ಅಷ್ಟೇ ದಣಿ. ಹೋದ ಅಂದ್ರೆ ಹಾಸಿಗೇಲಿ ಹೋದ ಅಂದ್ಕೊಂಡಿದ್ದೆ ನಾನು. ನೀರಲ್ಲಿ ಇದಾನೆ ಅಂತ ನನಗೇನು ಗೊತ್ತು? ಗೊತ್ತಿದ್ರೆ..." ಅವನು ಟೋಪಿಯನ್ನು ಹಿಂಡತೊಡಗಿದ. "ಗೊತ್ತಿದ್ರೆ ಮೊದಲು ಹೊಳೆಗೆ ಹೋಗ್ತಿದ್ನಾ, ಕೊಟ್ಟಿಗೆಗೆ ಹೋಗ್ತಿದ್ನಾ, ಅದನ್ನೇ ರಾತ್ರಿಯೆಲ್ಲಾ ಕೇಳ್ಕೊಂಡೆ."

*

ಹಂಫ್ರಿಯ ತಾಯಿ ಅರ್ಸುಲಾಳ ಕೋಣೆ ಮಹಡಿಯ ಮೇಲಿತ್ತು, ಹೊಳೆಗೆ ಮುಖ ಮಾಡಿ. ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆದ ಕಾಲದಲ್ಲಿ ಗಂಡ ರಾಜನ ಕಡೆ ಕಾದಲು ಹೋದಾಗ, ಈ ಕಿಟಕಿಯಲ್ಲೇ ಬಂದೂಕು ಇಟ್ಟುಕೊಂಡು ಮನೆ ಕಾದವಳು. ಈಗ ಮಡಿಲಲ್ಲಿ ಬಾತುಕೋಳಿಯ ಪುಕ್ಕದ ರಾಶಿ ಇಟ್ಟುಕೊಂಡು ಮೊಮ್ಮಗನ ಮದುವೆಯ ದಿಂಬು ತುಂಬುತ್ತಿದ್ದಳು.

"ಬಾಗಿಲು ಹಾಕು. ಪುಕ್ಕ ಹಾರುತ್ತೆ."

ಅವನು ಹಾಕಿದ.

"ಮಡ್ಜ್‌ನ ಕಳಿಸಿದ್ದು ನೀವಾ ಅಮ್ಮ?"

"ಇನ್ಯಾರು ಕಳಿಸ್ತಾರೆ? ಈ ಮನೆಗೆ ಬರಬೇಕಾದ್ದು ಯಾವುದು ಅಂತ ನಿನ್ನ ಹೆಂಡತಿಗೆ ಇನ್ನೂ ಗೊತ್ತಾಗಿಲ್ಲ."

"ಜೋಬ್ ಸತ್ತಿದ್ದು ಊರಿಗೆ ಗೊತ್ತಾಗೋಕೆ ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?"

"ನನಗೆ ಕಿಟಕಿ ಇದೆ. ಕಣ್ಣಿದೆ. ವಯಸ್ಸಾದವರಿಗೆ ನಿದ್ದೆ ಇಲ್ಲ."

"ಬಿದ್ದಿದ್ದನ್ನ ನೋಡಿದ್ರಾ?"

"ನೋಡಿದೆ."

"ನೋಡಿ ಕೂಗಲಿಲ್ವಾ? ಮುದುಕ ಮುಳುಗ್ತಾ ಇದಾನೆ, ನೀವು ಎತ್ತು ತರೋಕೆ ಆಳು ಕಳಿಸ್ತೀರಾ?" ಅವನ ಧ್ವನಿ ತಾನಾಗಿ ಏರಿತು. ಪುಕ್ಕಗಳು ಮಡಿಲಿನಿಂದ ಎದ್ದು ಮತ್ತೆ ಕೂತವು.

"ಕೂಗಿದ್ರೆ ಊರು ಬರ್ತಿತ್ತು. ಬಂದವರು ಸೇತುವೆ ಮೇಲೆ ಯಾರಿದಾರೆ ಅಂತ ನೋಡ್ತಿದ್ರು." ಅವಳ ಬೆರಳು ಮೊದಲ ಸಲ ನಿಂತಿತು. "ಆಗ ನೀನು ಎಲ್ಲಿರ್ತಿದ್ದೆ ಹಂಫ್ರಿ?"

"ನಾನಾ?"

"ನನ್ನ ಬಾಯಿಂದ ಹೇಳಿಸಬೇಡ. ನಿನ್ನನ್ನ ಉಳಿಸೋಕೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀನಿ. ನೀನು ನ್ಯಾಯಾಧೀಶನ ಮುಖ ಹಾಕ್ಕೊಂಡು ಬಂದು ನನ್ನನ್ನೇ ವಿಚಾರಿಸ್ತೀಯಾ?"

ಹಂಫ್ರಿಗೆ ನಿಲ್ಲಲಾಗಲಿಲ್ಲ. ಕಿಟಕಿಯ ತನಕ ಹೋದ, ಬಾಗಿಲ ತನಕ ಬಂದ. "ಏನು ನೋಡಿದ್ರಿ? ನೋಡಿದ್ದಷ್ಟನ್ನೇ ಹೇಳಿ."

"ಸೇತುವೆ ಮೇಲೆ ಇಬ್ಬರು. ಒಬ್ಬ ಜೋಬ್. ಇನ್ನೊಬ್ಬ ನನ್ನ ಕಡೆ ಬೆನ್ನು ಹಾಕಿದ್ದ. ಮುದುಕ ಅದೇನೋ ತಲೆ ಅಲ್ಲಾಡಿಸ್ತಾ ಇದ್ದ, ಆಗಲ್ಲ ಆಗಲ್ಲ ಅನ್ನೋ ಹಾಗೆ. ಇವನು ಕೈ ಚಾಚಿದ. ಹಿಡಿಯೋಕೋ ತಳ್ಳೋಕೋ, ಆ ದೇವರೇ ಹೇಳಬೇಕು. ಆಮೇಲೆ ನೋಡಿದ್ರೆ ಸೇತುವೆ ಮೇಲೆ ಒಬ್ಬನೇ."

"ಆ ಬೆನ್ನು ನನ್ನದು ಅಂತ ಹೇಗೆ ಹೇಳ್ತೀರಿ?"

"ನಿನ್ನ ಬೂದು ನಿಲುವಂಗಿ. ಹೆಗಲ ಮೇಲೆ ಕರಿ ತೇಪೆ. ಆ ತೇಪೆ ಹಾಕಿದ್ದು ನಾನೇ, ನನ್ನ ಹೊಲಿಗೆ ನನಗೆ ಗೊತ್ತಾಗಲ್ವಾ?"

ಬೇಲಿಯ ಮೇಲೆ ಹರಡಿದ್ದ ಅಂಗಿ ಹಂಫ್ರಿಯ ಕಣ್ಣ ಮುಂದೆ ಬಂತು. ಬೆತ್ತದ ಪೆಟ್ಟು. ತಿರುಗಿ ನೋಡದ ಹೆಂಡತಿ.

"ಅದು ನಾನಲ್ಲ ಅಮ್ಮ. ನಸುಕಲ್ಲಿ ನಾನು ಗುಡ್ಡದ ಮೇಲಿನ ಗೋಧಿ ಹೊಲದಲ್ಲಿದ್ದೆ. ನಿದ್ದೆ ಬರಲಿಲ್ಲ ಅಂತ ಎದ್ದು ಹೋಗಿದ್ದೆ. ಬರೀ ಅಂಗಿ ತೋಳಲ್ಲಿ."

"ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಒಂದು ಮೊಲ ನೋಡಿತ್ತು.

"ಹಾಸಿಗೇಲಿ ನೀನಿರಲಿಲ್ಲ ಅಂತ ಡೊರೊತಿ ಹೇಳಿದ್ಲು," ಎಂದಳು ಅರ್ಸುಲಾ. ಧ್ವನಿಯಲ್ಲಿ ಈಗ ಗಡಸು ಇರಲಿಲ್ಲ, ಆಯಾಸವಿತ್ತು. "ನನಗೆ ನೀನು ನಿಜ ಹೇಳಬೇಕಾಗಿಲ್ಲ ಮಗಾ. ಬರೋ ಅಧಿಕಾರಿಗೆ ಒಂದು ಗಟ್ಟಿ ಸುಳ್ಳು ಹೇಳು. ಎತ್ತಿನ ವಿಷಯ ಎತ್ತಬೇಡ. ಮುದುಕ ಜಾರಿದ, ಮುಗೀತು. ಎಡ್ಮಂಡನ ಮದುವೆ ಆಗಲಿ."

"ಎಡ್ಮಂಡ್ ನಿನ್ನೆ ಬೆಳಿಗ್ಗೆ ಎಲ್ಲಿದ್ದ?"

ತಾಯಿ ತಲೆ ಎತ್ತಿದಳು. ಮಗನ ಎತ್ತರವನ್ನು, ಹೆಗಲನ್ನು, ಮೊದಲ ಸಲ ನೋಡುವವಳಂತೆ ನೋಡಿದಳು. ಮಡಿಲಿನ ದಿಂಬು ಜಾರಿ ನೆಲಕ್ಕೆ ಬಿತ್ತು. ಬಿಳಿ ಪುಕ್ಕ ಕೋಣೆಯಿಡೀ ಹಾರಿತು. ಇಬ್ಬರಲ್ಲಿ ಯಾರೂ ಎತ್ತಲು ಬಗ್ಗಲಿಲ್ಲ.

*

ಅವನು ಅಂಗಳಕ್ಕೆ ಬಂದಾಗ ಬೇಲಿ ಖಾಲಿಯಾಗಿತ್ತು. ನಿಲುವಂಗಿಯೂ ಇಲ್ಲ, ಡೊರೊತಿಯೂ ಇಲ್ಲ.

ಹಂಫ್ರಿ ಲಾರ್ಕನ್ನು ಬಿಚ್ಚಿದ. ದಣಿಯೇ ಹಗ್ಗ ಹಿಡಿದು ಎತ್ತು ಹೊಡೆದುಕೊಂಡು ಹೋಗುವುದನ್ನು ಕಂಡು ಅಂಗಳದ ಕೆಲಸ ಒಂದು ಗಳಿಗೆ ನಿಂತಿತು.

ಲಾಂಗ್‌ಮೀಡಿನ ಬೇಲಿಯ ದಣಪೆ ತೆರೆದದ್ದೇ ತಡ, ಎತ್ತು ಅವನ ಕೈ ಎಳೆದುಕೊಂಡು ಓಡಿತು. ಲಿನೆಟ್‌ನ ಕುತ್ತಿಗೆಗೆ ಕುತ್ತಿಗೆ ಉಜ್ಜಿತು. ಕೂಗು ನಿಂತಿತು. ನಿನ್ನೆಯಿಂದ ಇಲ್ಲದ ಮೌನ ಬಯಲಿನ ಮೇಲೆ ಇಳಿಯಿತು.

ಹೆಸ್ಟರ್ ಹಗ್ಗ ತನ್ನ ಕೈಗೆ ತೆಗೆದುಕೊಂಡು ಕೊಂಬಿನ ಗುರುತನ್ನು ಬೆರಳಿನಿಂದ ಮುಟ್ಟಿದಳು. "ಸುಟ್ಟುಬಿಟ್ಟಿದೀರಿ. ಇದು ಇನ್ನು ನಮ್ಮದು ಹೇಗಾಗುತ್ತೆ?"

"ಸಾವುಗಾಣಿಕೆ ನಾನು ತಗೊಂಡಿಲ್ಲ ಅಂತ ಇಟ್ಕೊ. ಜೋಬ್ ಹೇಗೆ ಸತ್ತ ಅಂತ ಗೊತ್ತಾಗೋ ತನಕ ಬಾಕಿ."

"ಗೊತ್ತಾದ ಮೇಲೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ದಾರಿಯಲ್ಲಿ ಕುದುರೆಯ ಸದ್ದಾಯಿತು. ಸಾವಿನ ತನಿಖೆಯ ಅಧಿಕಾರಿ ವಾಲ್ಟರ್ ಸ್ಪೆಕ್ ಬೆವರು ಒರೆಸಿಕೊಳ್ಳುತ್ತ ದಣಪೆಯ ಬಳಿ ಇಳಿದ. ದಪ್ಪ ಮನುಷ್ಯ, ಹಂಫ್ರಿಯ ಜೊತೆ ಮೊಲದ ಬೇಟೆಗೆ ಬರುತ್ತಿದ್ದವನು.

"ನಿಮ್ಮ ಮನೆ ಮಾಂಸದ ಕಡುಬು ನೆನೆಸ್ಕೊಂಡೇ ಇಷ್ಟು ದೂರ ಬಂದೆ ಕಾರ್ವಿಲ್ಲರೇ. ಮೊದಲು ಹೆಣ, ಆಮೇಲೆ ಕಡುಬು. ಬೇಗ ಮುಗಿಸೋಣ, ಮಳೆ ಬರೋ ಹಾಗಿದೆ." ಅವನು ನಗುತ್ತಲೇ ಇದ್ದ. "ಒಂದು ಸಣ್ಣ ಮಾತು. ಗಿರಣಿಯವನು ದಾರೀಲಿ ಸಿಕ್ಕಿ ಹೇಳಿದ, ನಿನ್ನೆ ನಸುಕಲ್ಲಿ ಹಲಗೆ ಸೇತುವೆ ಮೇಲೆ ನಿಮ್ಮ ಬೂದು ನಿಲುವಂಗಿ ಕಂಡೆ ಅಂತ. ಗಿರಣಿಯವರ ಕಣ್ಣಲ್ಲಿ ಯಾವಾಗಲೂ ಹಿಟ್ಟೇ, ಗೊತ್ತಲ್ಲ. ಆದರೂ ಕೇಳಬೇಕಾದ್ದು ನನ್ನ ಕೆಲಸ. ಆಗ ಎಲ್ಲಿದ್ರಿ?"

ಗೋಧಿ ಹೊಲ. ಮೊಲ. ಅಲ್ಲಿದ್ದೆ ಎಂದರೆ ಯಾರು ನಂಬುತ್ತಾರೆ? ಸೇತುವೆಯಲ್ಲಿದ್ದೆ ಎಂದುಬಿಟ್ಟರೆ? ಆಗ ಆ ಅಂಗಿಯ ಬಗ್ಗೆ ಇನ್ಯಾರನ್ನೂ ಯಾರೂ ಕೇಳುವುದಿಲ್ಲ.

"ದಣಿ ಇಲ್ಲಿದ್ರು ಸ್ವಾಮಿ."

ಹೆಸ್ಟರ್. ಎತ್ತಿನ ಹಗ್ಗ ಇನ್ನೂ ಅವಳ ಕೈಯಲ್ಲೇ ಇತ್ತು.

"ನಮ್ಮ ಅಂಗಳದಲ್ಲೇ ಇದ್ರು. ನಾನು ಹಸು ಕರೆಯೋಕೆ ಕೂತಾಗ ಬಂದ್ರು. ಜೋಬಜ್ಜನಿಗೆ ವಯಸ್ಸಾಯ್ತು ಹೆಸ್ಟರ್, ಗೇಣಿಗೆ ಹೊಸ ಜೀವ ಹಾಕೋಣ ಅಂದ್ರು. ನಮ್ಮಜ್ಜ ಆಗಲೇ ಎದ್ದು ಅಡ್ಡಾಡೋಕೆ ಹೋಗಿದ್ದ, ಪಾಪ. ನನ್ನ ಮೂರು ಮಕ್ಕಳ ಹೆಸರು ಹೇಳಿದೆ. ಆಗಲಿ ಅಂತ ಕೈಗೆ ಕೈ ಕೊಟ್ರು. ನೋಡಿ, ಸಾವುಗಾಣಿಕೆನೂ ಬೇಡ ಅಂತ ಎತ್ತು ತಂದು ಬಿಟ್ಟಿದಾರೆ. ಇಂಥ ದಣಿ ಎಲ್ಲಿ ಸಿಗ್ತಾರೆ?" ಅವಳು ಅವನ ಕಡೆ ತಿರುಗಿದಳು. "ಅಲ್ವಾ ದಣಿ?"

ಅವಳ ಕಣ್ಣಲ್ಲಿ ಕೃತಜ್ಞತೆ ಇರಲಿಲ್ಲ. ಕರುಣೆಯೂ ಇರಲಿಲ್ಲ. ಅಜ್ಜನನ್ನು ಕೊಂದವನು ಇವನೇ ಎಂದು ಅವಳು ನಂಬಿದ್ದಳು. ನಂಬಿಯೂ ಬೆಲೆ ಕೇಳುತ್ತಿದ್ದಳು. ಬೇಲಿಯ ಆಚೆ ಆ ಮೂರು ಹೊಸ ಜೀವಗಳು ಹುಲ್ಲಿನಲ್ಲಿ ಉರುಳಾಡುತ್ತಿದ್ದವು.

ಇಲ್ಲ ಎನ್ನಲು ಅವನಿಗೆ ಒಂದು ಉಸಿರಿನಷ್ಟು ಸಮಯವಿತ್ತು.

"ಹೌದು," ಎಂದ ಹಂಫ್ರಿ ಕಾರ್ವಿಲ್.

ಹೆಸ್ಟರ್ ತಲೆ ಬಗ್ಗಿಸಿ ಹಗ್ಗವನ್ನು ಗೂಟಕ್ಕೆ ಕಟ್ಟಿದಳು, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ.

"ಒಳ್ಳೇದಾಯ್ತು," ಎಂದ ಸ್ಪೆಕ್, ನಿಜವಾದ ಸಂತೋಷದಿಂದ. "ನನಗೂ ನಿಮ್ಮನ್ನ ಕೇಳೋಕೆ ಮುಜುಗರ ಆಗ್ತಿತ್ತು." ಹಾಗೆಂದವನು ಕುದುರೆಯ ಲಗಾಮು ಕೈಗೆ ಸುತ್ತಿಕೊಳ್ಳುತ್ತ ಹುಬ್ಬು ಗಂಟಿಕ್ಕಿದ. "ಆದರೆ ನೀವು ಇಲ್ಲಿದ್ರಿ ಅಂದ್ಮೇಲೆ, ಆ ನಿಲುವಂಗಿ ತೊಟ್ಟಿದ್ದೋರು ಯಾರು?"

ಹುಲ್ಲಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ದಾರಿಯ ತಿರುವಿನಲ್ಲಿ ದೊಡ್ಡಮನೆಯ ಗಾಡಿ ಕಾಣಿಸಿತು. ಅದರ ಮೇಲೆ ನಿಂತವನು ನೆನೆಯದ ಹಾಗೆ ಏನನ್ನೋ ಬೆನ್ನ ಮೇಲೆ ಎಳೆದುಕೊಳ್ಳುತ್ತಿದ್ದ.

"ಮಳೆ ಬಂತು ಅಪ್ಪಾ!" ಎಡ್ಮಂಡ್ ಅಲ್ಲಿಂದಲೇ ಕೂಗಿದ. ಅವನ ಹೆಗಲ ಮೇಲೆ ಕರಿ ತೇಪೆ ಇತ್ತು.

ಸ್ಪೆಕ್ ನಿಧಾನವಾಗಿ ಆ ಕಡೆ ತಿರುಗಿದ.